ಈ ಸಲ ಯಾರ ಜೊತೆ?

ಮಂಡ್ಯ ಲೋಕಸಭಾ ಕ್ಷೇತ್ರದ ಫಲಿತಾಂಶಗಳನ್ನು ಹಳೆಯ ಹಾಜರಿ ಪುಸ್ತಕವೊಂದರ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹನ್ನೊಂದು ವರ್ಷ, ಐದು ಚುನಾವಣೆ. 2013ರ ಆಗಸ್ಟ್ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಜೆಡಿಎಸ್‌ಗೆ ದಾರಿ ಬಿಟ್ಟಿತು. ಗೆದ್ದದ್ದು ಕಾಂಗ್ರೆಸ್ಸಿನ ರಮ್ಯಾ. 2014ರಲ್ಲಿ ಮೂರೂ ಪಕ್ಷಗಳು ಬೇರೆ ಬೇರೆ ನಿಂತವು, ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಐದೂವರೆ ಸಾವಿರ ಮತಗಳಲ್ಲಿ ದಡ ಸೇರಿದರು. 2018ರ ನವೆಂಬರ್ ಉಪಚುನಾವಣೆಗೆ ಕಾಂಗ್ರೆಸ್ಸೂ ಜೆಡಿಎಸ್ಸೂ ಒಂದಾದವು, ಎಲ್.ಆರ್. ಶಿವರಾಮೇಗೌಡರು 3 ಲಕ್ಷ 24 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. 2019ರಲ್ಲೂ ಅದೇ ಮೈತ್ರಿ, ಜೆಡಿಎಸ್ಸಿನ ಅದೇ ತೆನೆ ಹೊತ್ತ ಮಹಿಳೆಯ ಚಿಹ್ನೆ, ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್ ಅವರೇ ಅಭ್ಯರ್ಥಿ; ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ 1 ಲಕ್ಷ 25 ಸಾವಿರ ಮತಗಳಿಂದ ಗೆದ್ದರು. 2024ರಲ್ಲಿ ಜೆಡಿಎಸ್ ಪಕ್ಕಕ್ಕೆ ಬಿಜೆಪಿ ಬಂತು. ಕುಮಾರಸ್ವಾಮಿಯವರೇ ನಿಂತು 2 ಲಕ್ಷ 84 ಸಾವಿರ ಮತಗಳ ಅಂತರದಲ್ಲಿ ಗೆದ್ದರು.

ಇದರಲ್ಲಿ ನನ್ನ ತಲೆ ಕೆಡಿಸಿದ್ದು ಮೂರನೆಯ ಮತ್ತು ನಾಲ್ಕನೆಯ ಸಾಲು. ನವೆಂಬರ್ 3ಕ್ಕೂ ಏಪ್ರಿಲ್ 18ಕ್ಕೂ ನಡುವೆ ಐದೂವರೆ ತಿಂಗಳು. ಆಗ ನೆಟ್ಟ ಕಬ್ಬು ಅಷ್ಟರಲ್ಲಿ ಕಟಾವಿಗೂ ಬರುವುದಿಲ್ಲ. ಅಷ್ಟರೊಳಗೆ ಅದೇ ಊರುಗಳಲ್ಲಿ, ಅದೇ ಪಟ್ಟಿಯ ಮತದಾರರ ನಡುವೆ, ಒಂದು ಮೈತ್ರಿ ಮೂರು ಲಕ್ಷದ ಮುನ್ನಡೆಯಿಂದ ಒಂದೂಕಾಲು ಲಕ್ಷದ ಹಿನ್ನಡೆಗೆ ಇಳಿಯಿತು. ಪತ್ರಿಕೆಗಳು ಅನುಕಂಪ ಅಂದವು, ಸಿನಿಮಾ ಅಂದವು, ದುರಹಂಕಾರ ಅಂದವು, ಮೋದಿ ಅಲೆ ಅಂದವು. ಒಂದೊಂದೂ ಸ್ವಲ್ಪ ಸ್ವಲ್ಪ ನಿಜ. ಆದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ.

*

ಎಲೆಕ್ಷನ್ ಡ್ಯೂಟಿ ಮಾಡಿದ ಮೇಷ್ಟ್ರುಗಳಿಗೆ ಕಾಣುವ ಒಂದು ವಿಷಯ ಟೀವಿಯವರಿಗೆ ಕಾಣುವುದಿಲ್ಲ. ಮತಗಟ್ಟೆಯೊಳಗೆ ಏಜೆಂಟರು ಕೂರುವುದು ಪಕ್ಷದ ಪರವಾಗಿ ಅಲ್ಲ, ಅಭ್ಯರ್ಥಿಯ ಪರವಾಗಿ. ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟು ಸಹಿ ಹಾಕಿಕೊಟ್ಟ ನಮೂನೆ ತಂದವರಿಗೆ ಮಾತ್ರ ಬೆಂಚು. ಮೈತ್ರಿಯಾಗಿ ಒಂದು ಪಕ್ಷ ಕಣ ಬಿಟ್ಟುಕೊಟ್ಟರೆ ಆ ಪಕ್ಷದ ಅಭ್ಯರ್ಥಿ ಇಲ್ಲ; ಅಭ್ಯರ್ಥಿ ಇಲ್ಲವೆಂದರೆ ಏಜೆಂಟೂ ಇಲ್ಲ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಬಂದು ಅಣಕು ಮತದಾನ ನೋಡಿ, ಸಂಜೆ ಮತಯಂತ್ರಕ್ಕೆ ಮೊಹರು ಬೀಳುವವರೆಗೆ ಕೂತು, ಲೆಕ್ಕದ ನಕಲು ಜೇಬಿಗಿಟ್ಟುಕೊಂಡು ಮನೆಗೆ ಹೋಗುತ್ತಿದ್ದ ಮನುಷ್ಯ ಅವತ್ತು ಶಾಲೆಯ ಗೇಟಿನಾಚೆ ನಿಲ್ಲಬೇಕು. ಇಲ್ಲವೇ ತಾನು ಇಷ್ಟು ವರ್ಷ ಎದುರು ಬೆಂಚಿನಲ್ಲಿ ನೋಡಿದವನ ಜೊತೆ, ಅವನ ಅಭ್ಯರ್ಥಿ ಸಹಿ ಹಾಕಿದ ಕಾಗದ ಹಿಡಿದು ಕೂರಬೇಕು.

ನಮ್ಮ ಕಡೆಯ ಅಂಥ ಒಬ್ಬ ಹಳೇ ಕಾಂಗ್ರೆಸ್ ಏಜೆಂಟರನ್ನು 2019ರಲ್ಲಿ ಕೇಳಿದ್ದೆ, ಈ ಸಲ ಹೆಂಗೆ ಅಂತ.

"ಏನ್ ಹೇಳನ ಮೇಷ್ಟ್ರೇ. ಮ್ಯಾಲಿನೋರು ಕೈ ಕೈ ಹಿಡ್ಕಂಡು ಪೋಟೋ ತಗಸ್ಕಂಡ್ರು. ನಾನೂ ಅವ್ನೂ ಸೊಸೈಟಿ ಎಲೆಕ್ಷನ್‌ನಾಗೆ ಕೊಳಪಟ್ಟಿ ಹಿಡ್ಕಂಡಿದ್ದೊ. ನಾಳೆ ಡೇರಿ ಎಲೆಕ್ಷನ್ ಬತ್ತದೆ. ಅವಾಗ ರಾಹುಲ್ ಗಾಂಧಿ ಬಂದು ನನ್ ಪರವಾಗಿ ನಿಂತ್ಕತಾರಾ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಾಲಿನ ಡೇರಿ, ಪತ್ತಿನ ಸಹಕಾರ ಸಂಘ, ಎಪಿಎಂಸಿ, ನಾಲೆಯ ನೀರಿನ ಸರದಿ, ಗುಡಿಯ ಟ್ರಸ್ಟು: ಹಳ್ಳಿಯಲ್ಲಿ ಎರಡು ಪಕ್ಷ ಅಂದರೆ ಇಷ್ಟೂ ಕಡೆ ಎರಡು ಗುಂಪು. ಸಿದ್ಧಾಂತದ ಮಾತು ಆಮೇಲೆ. ಬೆಂಗಳೂರಿನಲ್ಲಿ ಒಂದು ಸಂಜೆ ಆಗುವ ಮೈತ್ರಿಗೆ ಇಲ್ಲಿ ಎರಡು ಗುಂಪಿನ ಅಷ್ಟೂ ಜಗಳಗಳನ್ನು ರಾಜಿ ಮಾಡಿಸುವ ಹೊಣೆ ಬರುತ್ತದೆ. ಅದನ್ನು ಯಾರೂ ಹೊರುವುದಿಲ್ಲ.

*

ಕಾನೂನಿನ ಪುಸ್ತಕದಲ್ಲಿ ಮೈತ್ರಿ ಎಲ್ಲಿದೆ ಅಂತ ಹುಡುಕಿದೆ. ಪಕ್ಷದ ನೋಂದಣಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆ ಇದೆ. ಚಿಹ್ನೆಗೆ 1968ರ ಆದೇಶ ಇದೆ. ಪಕ್ಷ ಬಿಟ್ಟವರ ಸದಸ್ಯತ್ವ ಕಳೆಯಲು 1985ರಲ್ಲಿ ಸೇರಿಸಿದ ಹತ್ತನೆಯ ಅನುಸೂಚಿ ಇದೆ. ಇಷ್ಟೂ ಪಕ್ಷದ ಬಗ್ಗೆ. ಎರಡು ಪಕ್ಷ ಸೇರಿ ಮತ ಕೇಳಿ, ಗೆದ್ದ ಮಾರನೆಯ ದಿನ ಬೇರೆಯಾದರೆ ಯಾರ ಸದಸ್ಯತ್ವವೂ ಹೋಗುವುದಿಲ್ಲ. ಒಬ್ಬ ಶಾಸಕ ಒಬ್ಬನೇ ಆಚೆ ಹೋದರೆ ಅನರ್ಹ. ಇಡೀ ಪಕ್ಷ ಒಟ್ಟಿಗೆ ಆಚೆ ಹೋದರೆ ರಾಜಕೀಯ.

ಮೈತ್ರಿಗೆ ಕೊಂಚ ಮಾನ್ಯತೆ ಕೊಟ್ಟದ್ದು ಸರ್ಕಾರಿಯಾ ಆಯೋಗ. ಅತಂತ್ರ ವಿಧಾನಸಭೆ ಬಂದಾಗ ರಾಜ್ಯಪಾಲರು ಮೊದಲು ಚುನಾವಣಾಪೂರ್ವ ಮೈತ್ರಿಯನ್ನು ಕರೆಯಬೇಕು, ಆಮೇಲೆ ಬೇರೆಯವರ ಬೆಂಬಲ ಇರುವ ಅತಿದೊಡ್ಡ ಪಕ್ಷವನ್ನು, ಚುನಾವಣೆಯ ನಂತರ ಕಟ್ಟಿಕೊಂಡ ಕೂಟಗಳನ್ನು ಅದಕ್ಕೂ ಆಮೇಲೆ ಎಂದು ಅದು ಹೇಳಿತು. ಶಿಫಾರಸು ಒಳ್ಳೆಯದೇ. ಆದರೆ 2019ರ ಮಹಾರಾಷ್ಟ್ರ ನೋಡಿ. ಬಿಜೆಪಿ, ಶಿವಸೇನೆ ಕೂಡಿ ಮತ ಕೇಳಿದವು. 288ರಲ್ಲಿ 105 ಮತ್ತು 56, ಒಟ್ಟು 161. ಚುನಾವಣಾಪೂರ್ವ ಮೈತ್ರಿಗೆ ಸ್ಪಷ್ಟ ಬಹುಮತ. ಮುಖ್ಯಮಂತ್ರಿ ಸ್ಥಾನ ಯಾರಿಗೆ ಎಂಬ ಒಂದೇ ಮಾತಿಗೆ ಆ ಮೈತ್ರಿ ಸರ್ಕಾರ ರಚಿಸುವಷ್ಟು ದಿನವೂ ಬದುಕಲಿಲ್ಲ. ಕೋಣೆಯೊಳಗೆ ಮಾತಾಗಿತ್ತು ಅಂತ ಒಬ್ಬರು, ಆಗಿರಲಿಲ್ಲ ಅಂತ ಇನ್ನೊಬ್ಬರು. ಮತ ಹಾಕಿದವನಿಗೆ ಆ ಕೋಣೆಗೆ ಪ್ರವೇಶ ಇರಲಿಲ್ಲ.

*

ಕೋಣೆಯೊಳಗಿನ ಮಾತು ಅಂದಾಗ ನಮ್ಮದೇ 20-20 ಸರ್ಕಾರವನ್ನು ಬಿಡುವಂತಿಲ್ಲ. ಅದು ಚುನಾವಣಾ ಮೈತ್ರಿಯಲ್ಲ, ಸದನದಲ್ಲಿ ಹುಟ್ಟಿದ್ದು, ಆದರೂ ದಾಖಲಿಸುತ್ತೇನೆ. 2006ರ ಫೆಬ್ರುವರಿ 3ರಂದು ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಇಪ್ಪತ್ತು ತಿಂಗಳು ಇವರು, ಇಪ್ಪತ್ತು ತಿಂಗಳು ಅವರು. 2007ರ ಅಕ್ಟೋಬರಿನಲ್ಲಿ ಕುರ್ಚಿ ಹಸ್ತಾಂತರ ಆಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರಿನಲ್ಲಿ ಮತ್ತೆ ರಾಜಿ. 12ರಂದು ಯಡಿಯೂರಪ್ಪ ಪ್ರಮಾಣವಚನ, 19ರಂದು ರಾಜೀನಾಮೆ. 2008ರ ಚುನಾವಣೆಯಲ್ಲಿ ಬಿಜೆಪಿಗೆ 110 ಸ್ಥಾನ ಬಂತು. ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು. ಮಾತು ತಪ್ಪಿದರು ಎಂಬ ಒಂದು ಸಾಲಿಗೆ ಕರ್ನಾಟಕದಲ್ಲಿ ಅಷ್ಟು ಬೆಲೆ ಇತ್ತು. ಹದಿನಾರು ವರ್ಷದ ನಂತರ ಅದೇ ಇಬ್ಬರು ಮತ್ತೆ ಒಂದಾದಾಗ ಆ ಸಾಲನ್ನು ಯಾರೂ ಎತ್ತಲಿಲ್ಲ. ಇದನ್ನು ಮರೆವು ಅನ್ನಬೇಕೋ ಔದಾರ್ಯ ಅನ್ನಬೇಕೋ ತಿಳಿಯದೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.

*

ವಿಧಾನಸೌಧದ ಮೆಟ್ಟಿಲ ಮುಂದೆ, 2018ರ ಮೇ 23. ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿಯಾಗಿ ಕುಮಾರಸ್ವಾಮಿಯವರ ಪ್ರಮಾಣವಚನ. ಆ ಫೋಟೋ ಎಲ್ಲರ ನೆನಪಿನಲ್ಲಿ ಇರಬೇಕು: ಸೋನಿಯಾ, ರಾಹುಲ್, ಮಾಯಾವತಿ, ಅಖಿಲೇಶ್, ಮಮತಾ, ಚಂದ್ರಬಾಬು ನಾಯ್ಡು, ಕೇಜ್ರಿವಾಲ್, ಪಿಣರಾಯಿ, ಯೆಚೂರಿ, ಪವಾರ್, ತೇಜಸ್ವಿ. ನಡುವೆ ದೇವೇಗೌಡರು, ಕುಮಾರಸ್ವಾಮಿ. ದೇಶದ ರಾಜಕೀಯ ಇನ್ನು ಬೇರೆ ಅಂತ ಅವತ್ತು ಬಹಳ ಜನ ಬರೆದರು. ವರ್ಷ ತುಂಬುವ ಹೊತ್ತಿಗೆ ಲೋಕಸಭಾ ಚುನಾವಣೆಯಲ್ಲಿ ಆ ವೇದಿಕೆಯ ಮೇಲಿದ್ದವರಲ್ಲಿ ಎಷ್ಟು ಜನ ಒಬ್ಬರ ಎದುರು ಒಬ್ಬರು ನಿಂತರು ನೋಡಿ: ಬಂಗಾಳದಲ್ಲಿ ಮಮತಾ ಒಂದು ಕಡೆ, ಎಡಪಕ್ಷ ಒಂದು ಕಡೆ, ಕಾಂಗ್ರೆಸ್ ಇನ್ನೊಂದು ಕಡೆ, ಕೇರಳದಲ್ಲಿ ರಾಹುಲ್ ಎಡರಂಗದ ಎದುರು, ದೆಹಲಿಯಲ್ಲಿ ಕೇಜ್ರಿವಾಲರ ಪಕ್ಷ ಕಾಂಗ್ರೆಸ್ಸಿನ ಎದುರು.

ಆ ಫೋಟೋದ ಅಂಚಿನಲ್ಲಿ ಯಾರೂ ಗಮನಿಸದ ಒಂದು ಸಣ್ಣ ಮೈತ್ರಿ ಇತ್ತು. 2018ರ ವಿಧಾನಸಭೆಗೆ ಜೆಡಿಎಸ್ ಜೊತೆ ಬಿಎಸ್‌ಪಿ ಸೇರಿತ್ತು. ಗೆದ್ದದ್ದು ಒಬ್ಬರೇ, ಕೊಳ್ಳೇಗಾಲದಲ್ಲಿ ಎನ್. ಮಹೇಶ್. ಸಚಿವರೂ ಆದರು. ನಾಲ್ಕು ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ, ಅವತ್ತೇ ಮಾಯಾವತಿ ಅವರನ್ನು ಪಕ್ಷದಿಂದ ಹೊರಹಾಕಿದರು. 99ಕ್ಕೆ 105ರಿಂದ ಸರ್ಕಾರ ಬಿತ್ತು. 2021ರಲ್ಲಿ ಮಹೇಶ್ ಬಿಜೆಪಿ ಸೇರಿದರು. ಆನೆಗೆ ಒತ್ತಿದ ಕೊಳ್ಳೇಗಾಲದ ಮತದಾರ ಒಂದೇ ಅವಧಿಯಲ್ಲಿ ಮೂರು ಕಡೆ ಮತ ಹಾಕಿದ ಹಾಗಾಯಿತು, ಮನೆ ಬಿಟ್ಟು ಹೊರಡದೆಯೇ.

*

2019ರ ಲೋಕಸಭೆಗೆ ರಾಜ್ಯದಲ್ಲಿ ಸೀಟು ಹಂಚಿಕೆ: ಕಾಂಗ್ರೆಸ್ಸಿಗೆ 21, ಜೆಡಿಎಸ್‌ಗೆ 7. ಫಲಿತಾಂಶ: ಕಾಂಗ್ರೆಸ್ಸಿಗೆ 1, ಜೆಡಿಎಸ್‌ಗೆ 1, ಬಿಜೆಪಿಗೆ 25, ಉಳಿದ ಒಂದು ಮಂಡ್ಯದ ಪಕ್ಷೇತರರಿಗೆ. ಹಿಂದಿನ ವರ್ಷದ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಶೇ. 38, ಜೆಡಿಎಸ್‌ಗೆ ಶೇ. 18 ಮತ ಬಿದ್ದಿದ್ದವು. ಕೂಡಿದರೆ 56. ಕೂಡಿಯೇ ನಿಂತಾಗ ಬಂದದ್ದು 42ರ ಆಸುಪಾಸು. ಪುಲ್ವಾಮಾ, ಬಾಲಾಕೋಟ್, ಮೋದಿಯವರ ಹೆಸರು ಇವೆಲ್ಲ ಇದ್ದವು, ಒಪ್ಪುತ್ತೇನೆ. ಆದರೆ ಕೆಲವು ಕ್ಷೇತ್ರಗಳನ್ನು ಹತ್ತಿರದಿಂದ ನೋಡಿದರೆ ಅಲೆಗಿಂತ ಮೊದಲೇ ದೋಣಿ ತೂತಾಗಿತ್ತು ಅನ್ನಿಸುತ್ತದೆ.

ತುಮಕೂರು. ಕಾಂಗ್ರೆಸ್ಸಿನ ಹಾಲಿ ಸಂಸದ ಮುದ್ದಹನುಮೇಗೌಡರು ಇದ್ದ ಕ್ಷೇತ್ರವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟರು, ಅಲ್ಲಿ ದೇವೇಗೌಡರೇ ನಿಂತರು. ಮುದ್ದಹನುಮೇಗೌಡರು ಬಂಡಾಯ ನಾಮಪತ್ರ ಹಾಕಿ ಆಮೇಲೆ ವಾಪಸು ತೆಗೆದರು. ಮಾಜಿ ಪ್ರಧಾನಿ ಸೋತದ್ದು 13,339 ಮತಗಳಿಂದ. ನಾಮಪತ್ರ ವಾಪಸು ತೆಗೆಸಬಹುದು, ಮುನಿಸನ್ನು ವಾಪಸು ತೆಗೆಸುವ ನಮೂನೆ ಚುನಾವಣಾ ಆಯೋಗದಲ್ಲಿ ಇಲ್ಲ.

ಉಡುಪಿ-ಚಿಕ್ಕಮಗಳೂರು ಇನ್ನೂ ವಿಚಿತ್ರ. ಕ್ಷೇತ್ರ ಜೆಡಿಎಸ್ ಪಾಲಿಗೆ ಬಂತು, ನಿಲ್ಲಿಸಲು ತಕ್ಕ ಅಭ್ಯರ್ಥಿ ಇಲ್ಲ. ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜ್ ಅವರನ್ನೇ ಕರೆದು ಜೆಡಿಎಸ್ ಬಿ ಫಾರಂ ಕೊಟ್ಟರು. ಕಡಲತೀರದಲ್ಲಿ ಜನ್ಮದಲ್ಲಿ ಒಮ್ಮೆಯೂ ತೆನೆ ಹೊತ್ತ ಮಹಿಳೆಗೆ ಮತ ಹಾಕಿ ಗೊತ್ತಿಲ್ಲದ ಕಾಂಗ್ರೆಸ್ ಮತದಾರ ಯಂತ್ರದಲ್ಲಿ ಕೈ ಹುಡುಕಿದ. ಅಲ್ಲಿ ಕೈ ಇರಲಿಲ್ಲ. ಜೆಡಿಎಸ್ ಬೆಂಗಳೂರು ಉತ್ತರವನ್ನು ಕಾಂಗ್ರೆಸ್ಸಿಗೆ ಮರಳಿಸಿತು, ಇದನ್ನೂ ಮರಳಿಸಬಹುದಿತ್ತು. ಹಂಚಿಕೆ ಕೂಡದ ಕಡೆ ಪಾಲು ಹಿಡಿದುಕೊಳ್ಳುವ ಹಟ ಯಾಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಸನದ ಎ. ಮಂಜು ಅವರ ಕಥೆಯನ್ನು ನಾನು ಬರೆದುಕೊಂಡು ಎರಡು ಸಲ ಪರೀಕ್ಷಿಸಿದೆ, ಎಲ್ಲೋ ತಪ್ಪಿರಬೇಕು ಅಂತ. ಅವರು ಕಾಂಗ್ರೆಸ್ಸಿನಲ್ಲಿ ಸಚಿವರಾಗಿದ್ದವರು. ಕ್ಷೇತ್ರ ಜೆಡಿಎಸ್‌ಗೆ ಹೋದ್ದರಿಂದ ಬಿಜೆಪಿ ಸೇರಿ ಪ್ರಜ್ವಲ್ ರೇವಣ್ಣ ಎದುರು ನಿಂತು ಸೋತರು. ಆಯ್ಕೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. 2023ರಲ್ಲಿ ಜೆಡಿಎಸ್ ಟಿಕೆಟ್ಟಿನಲ್ಲಿ ಅರಕಲಗೂಡಿನಿಂದ ಶಾಸಕರಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ಪ್ರಜ್ವಲ್ ಆಯ್ಕೆಯನ್ನು ಅಸಿಂಧುಗೊಳಿಸಿತು. ಅರ್ಜಿ ಗೆದ್ದಾಗ ಅರ್ಜಿದಾರರು ಎದುರಾಳಿಯ ಪಕ್ಷದ ಶಾಸಕರು. ಆಮೇಲೆ ಸುಪ್ರೀಂ ಕೋರ್ಟು ತೀರ್ಪಿಗೆ ತಡೆ ಕೊಟ್ಟಿತು. ತಡೆ ಸಿಕ್ಕಿದ್ದಕ್ಕೆ ಅರ್ಜಿದಾರರು ಸಂತೋಷಪಡಬೇಕೋ ಬೇಡವೋ?

*

ಮಂಡ್ಯಕ್ಕೆ ವಾಪಸು. 2018ರ ವಿಧಾನಸಭೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್. ಸೋತವರ ಸಾಲಿನಲ್ಲಿ ಕಾಂಗ್ರೆಸ್ಸಿನ ಘಟಾನುಘಟಿಗಳು. ನಾಗಮಂಗಲದ ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ್ ಬಂಡಿಸಿದ್ದೇಗೌಡ ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿ, ಜೆಡಿಎಸ್ ಎದುರೇ ಸೋತವರು. ಹತ್ತು ದಿನದಲ್ಲಿ ಬೆಂಗಳೂರಿನಲ್ಲಿ ಎರಡೂ ಪಕ್ಷ ಒಂದಾದವು. ಸೋತ ಕಾಂಗ್ರೆಸ್ಸಿಗನಿಗೆ ಸರ್ಕಾರ ತನ್ನದು, ಶಾಸಕ ಎದುರಾಳಿ, ಉಸ್ತುವಾರಿ ಸಚಿವ ಎದುರಾಳಿ, ಠಾಣೆಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ವಿರೋಧ ಪಕ್ಷದಲ್ಲಿದ್ದಿದ್ದರೆ ಧರಣಿಯನ್ನಾದರೂ ಕೂರಬಹುದಿತ್ತು. ಆಡಳಿತ ಪಕ್ಷದಲ್ಲಿದ್ದುಕೊಂಡು ಅದನ್ನೂ ಮಾಡುವಂತಿಲ್ಲ.

ಹಾಗಾದರೆ ನವೆಂಬರಿನಲ್ಲಿ ಮೂರು ಲಕ್ಷದ ಗೆಲುವು ಹೇಗೆ ಬಂತು? ಆ ಉಪಚುನಾವಣೆಗೆ ಮತ ಹಾಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ. ಗೆದ್ದವರಿಗೆ ಉಳಿದದ್ದು ಕೆಲವೇ ತಿಂಗಳ ಅವಧಿ. ಎದುರಿಗಿದ್ದದ್ದು ಬಿಜೆಪಿ, ಮಂಡ್ಯದ ಮುನಿದ ಕಾಂಗ್ರೆಸ್ಸಿಗನಿಗೆ ಅದು ಆಗಿನ್ನೂ ಹೋಗುವ ಮನೆಯಾಗಿರಲಿಲ್ಲ. ಹೀಗಾಗಿ ಮುನಿದವನು ಮನೆಯಲ್ಲೇ ಉಳಿದ. ಇದನ್ನು ನಾಯಕರು ಮತ ವರ್ಗಾವಣೆ ಅಂತ ಓದಿದರು. ಅದೇ ದಿನ ಬಳ್ಳಾರಿಯಲ್ಲಿ ವಿ.ಎಸ್. ಉಗ್ರಪ್ಪ ಎರಡು ಲಕ್ಷ 43 ಸಾವಿರದಲ್ಲಿ ಗೆದ್ದರು. ರಾಮನಗರದಲ್ಲಿ ಬಿಜೆಪಿ ಅಭ್ಯರ್ಥಿಯೇ ಮತದಾನಕ್ಕೆ ಎರಡು ದಿನವಿದ್ದಾಗ ಕಾಂಗ್ರೆಸ್ಸಿಗೆ ಹೊರಟುಹೋದರು. ಐದರಲ್ಲಿ ನಾಲ್ಕು ಗೆದ್ದ ಮೈತ್ರಿಗೆ ಎಲ್ಲವೂ ಸಲೀಸು ಕಂಡಿತು. ಶಿವಮೊಗ್ಗದಲ್ಲಿ ಮಾತ್ರ ಮೈತ್ರಿ ಸೋತಿತು. ಆದರೆ 2014ರಲ್ಲಿ ಮೂರು ಲಕ್ಷ 63 ಸಾವಿರ ಇದ್ದ ಬಿಜೆಪಿಯ ಅಂತರ 52 ಸಾವಿರಕ್ಕೆ ಇಳಿದದ್ದು ಸೋಲಿನಲ್ಲೂ ಹುರುಪು ಕೊಟ್ಟಿತು. ಆರು ತಿಂಗಳಲ್ಲಿ ಅದು ಮತ್ತೆ ಎರಡು ಲಕ್ಷ ದಾಟಿತು.

ಅದೇ ನವೆಂಬರ್ 24ಕ್ಕೆ ಸುಮಲತಾ ಅವರ ಪತಿ, ಕಾಂಗ್ರೆಸ್ ನಾಯಕ ಅಂಬರೀಶ್ ತೀರಿಕೊಂಡರು. ಏಪ್ರಿಲಿಗೆ ಸುಮಲತಾ ನಿಂತಾಗ ಮುನಿದ ಕಾಂಗ್ರೆಸ್ಸಿಗನಿಗೆ ಮನೆ ಸಿಕ್ಕಿತು. ಆಕೆ ಕಾಂಗ್ರೆಸ್ ನಾಯಕನ ಹೆಂಡತಿ, ಬಿಜೆಪಿ ಬೆಂಬಲ, ಚಿಹ್ನೆ ಮಾತ್ರ ಕಹಳೆ ಊದುವ ರೈತ. ಆಕೆಯ ಮೆರವಣಿಗೆಯಲ್ಲಿ ಕಾಂಗ್ರೆಸ್ ಬಾವುಟ, ಬಿಜೆಪಿ ಬಾವುಟ, ರೈತ ಸಂಘದ ಹಸಿರು ಶಾಲು ಒಟ್ಟೊಟ್ಟಿಗೆ ಕಂಡವು. ಗೊಂದಲ ಮಾಡಲೆಂದೋ ಏನೋ, ಯಂತ್ರದಲ್ಲಿ ಇನ್ನೂ ಮೂವರು ಸುಮಲತಾ ಇದ್ದರು. ಜನರಿಗೆ ಗೊಂದಲವಾಗಲಿಲ್ಲ. ಶೇ. 80 ಮತದಾನ. ಮೇಲಿನವರು ಮಾಡಿದ ಮೈತ್ರಿಗೆ ಎದುರಾಗಿ ಕೆಳಗಿನವರು ತಮ್ಮದೇ ಒಂದು ಮೈತ್ರಿ ಮಾಡಿಕೊಂಡರು. ಅದಕ್ಕೆ ಸೀಟು ಹಂಚಿಕೆ ಸಭೆ ನಡೆಯಲಿಲ್ಲ, ಜಂಟಿ ಪತ್ರಿಕಾಗೋಷ್ಠಿಯೂ ಇರಲಿಲ್ಲ.

*

ನನಗೆ ಕೊನೆಗೂ ಹೊಳೆದ ಲೆಕ್ಕ ಇಷ್ಟು. ಒಂದು ಪ್ರದೇಶದಲ್ಲಿ ಮೊದಲನೆಯ ಮತ್ತು ಎರಡನೆಯ ಪಕ್ಷ ಕೈ ಹಿಡಿದರೆ ವಿರೋಧ ಮಾಯವಾಗುವುದಿಲ್ಲ, ವಿರೋಧದ ಜಾಗ ಖಾಲಿಯಾಗುತ್ತದೆ, ಮೂರನೆಯವರು ಬಂದು ಕೂರುತ್ತಾರೆ. ಎರಡನೆಯವರೂ ಮೂರನೆಯವರೂ ಕೈ ಹಿಡಿದರೆ ಅವರ ನಡುವೆ ಊರೂರಿನ ಜಗಳ ಕಡಿಮೆ, ಮತ ಸಲೀಸಾಗಿ ಸೇರುತ್ತದೆ. ಹಳೆ ಮೈಸೂರಿನಲ್ಲಿ ಕಾಂಗ್ರೆಸ್ಸಿಗೂ ಜೆಡಿಎಸ್‌ಗೂ ಊರೂರಿನಲ್ಲಿ ಜಗಳ. ಮಂಡ್ಯದಲ್ಲಿ ಜೆಡಿಎಸ್‌ಗೂ ಬಿಜೆಪಿಗೂ ಜಗಳವಾಡುವಷ್ಟು ಪರಿಚಯವೇ ಇರಲಿಲ್ಲ.

ಪುರಾವೆ ಬೇಕಾದರೆ ಕೃಷ್ಣರಾಜಪೇಟೆ. ಸರ್ಕಾರ ಬಿದ್ದ ಮೇಲೆ, 2019ರ ಡಿಸೆಂಬರ್ 5ರಂದು ಹದಿನೈದು ಕಡೆ ಉಪಚುನಾವಣೆ. ವರ್ಷವಿಡೀ ಜೊತೆಗಿದ್ದ ಕಾಂಗ್ರೆಸ್, ಜೆಡಿಎಸ್ ಬೇರೆ ಬೇರೆ ನಿಂತವು. ಜೆಡಿಎಸ್ ಬಿಟ್ಟು ಬಂದ ನಾರಾಯಣಗೌಡರು ಕಮಲದ ಚಿಹ್ನೆಯಲ್ಲಿ ಗೆದ್ದು ಮಂಡ್ಯ ಜಿಲ್ಲೆಯ ಮೊದಲ ಬಿಜೆಪಿ ಶಾಸಕರಾದರು. ಬೂಕನಕೆರೆ ಇದೇ ತಾಲ್ಲೂಕಿನದು, ಯಡಿಯೂರಪ್ಪನವರು ಹುಟ್ಟಿದ ಊರು. ಬಿಜೆಪಿ ಇಷ್ಟು ವರ್ಷ ತಾನಾಗಿ ಮಾಡಲಾಗದ್ದನ್ನು, ಅದನ್ನು ತಡೆಯಲೆಂದು ಹುಟ್ಟಿದ ಮೈತ್ರಿಯೇ ಮಾಡಿಕೊಟ್ಟಿತು. 2023ಕ್ಕೆ ಲೆಕ್ಕ ಮತ್ತೆ ತಿರುಗಿತು: ಜಿಲ್ಲೆಯ ಏಳರಲ್ಲಿ ಕಾಂಗ್ರೆಸ್ಸಿಗೆ ಐದು, ಕಾಂಗ್ರೆಸ್ ಬೆಂಬಲದ ಸರ್ವೋದಯ ಕರ್ನಾಟಕಕ್ಕೆ ಮೇಲುಕೋಟೆ, ಜೆಡಿಎಸ್‌ಗೆ ಉಳಿದದ್ದು ಅದೇ ಕೆ.ಆರ್. ಪೇಟೆ ಒಂದು.

ನನ್ನ ಲೆಕ್ಕಕ್ಕೆ ಉತ್ತರ ಪ್ರದೇಶ ಅರ್ಧ ಒಪ್ಪುತ್ತದೆ, ಅರ್ಧ ಒಪ್ಪುವುದಿಲ್ಲ. 1993ರಲ್ಲಿ ಸಮಾಜವಾದಿ ಪಕ್ಷ, ಬಿಎಸ್‌ಪಿ ಕೂಡಿ ನಿಂತು ಸರ್ಕಾರ ರಚಿಸಿದವು. 1995ರ ಜೂನ್ 2ರಂದು ಲಖನೌದ ಅತಿಥಿಗೃಹದಲ್ಲಿ ಮಾಯಾವತಿಯವರ ಮೇಲೆ ದಾಳಿ ನಡೆದು ಎಲ್ಲ ಮುರಿಯಿತು. 2019ರ ಏಪ್ರಿಲಿನಲ್ಲಿ, ಇಪ್ಪತ್ನಾಲ್ಕು ವರ್ಷದ ನಂತರ, ಮೈನ್‌ಪುರಿಯ ವೇದಿಕೆಯಲ್ಲಿ ಅವರು ಮುಲಾಯಂ ಸಿಂಗರ ಪಕ್ಕ ನಿಂತು ಮತ ಕೇಳಿದರು. ಫಲಿತಾಂಶದಲ್ಲಿ ಬಿಎಸ್‌ಪಿ ಸೊನ್ನೆಯಿಂದ ಹತ್ತಕ್ಕೆ ಏರಿತು, ಸಮಾಜವಾದಿ ಪಕ್ಷ ಐದರಲ್ಲೇ ನಿಂತಿತು, ಕನೌಜಿನಲ್ಲಿ ಡಿಂಪಲ್ ಯಾದವ್ ಸೋತರು. ಆಮೇಲೆ, ಯಾದವರ ಮತ ನಮಗೆ ಬರಲಿಲ್ಲ ಎಂದು ಹೇಳಿ ಮೈತ್ರಿ ಮುರಿದವರು ಮಾಯಾವತಿ! ಲಾಭ ಆದವರು ಎದ್ದು ಹೋದರು, ನಷ್ಟ ಆದವರು ಕೂತೇ ಇದ್ದರು. 2024ರಲ್ಲಿ ಬಿಎಸ್‌ಪಿ ಒಂಟಿಯಾಗಿ ನಿಂತು ಮತ್ತೆ ಸೊನ್ನೆ. ಕಾಂಗ್ರೆಸ್ ಜೊತೆ ಸೇರಿದ ಸಮಾಜವಾದಿ ಪಕ್ಷಕ್ಕೆ 37. ಅದೇ ಕಾಂಗ್ರೆಸ್ ಜೊತೆ 2017ರ ವಿಧಾನಸಭೆಯಲ್ಲಿ ಸೇರಿದಾಗ 403ರಲ್ಲಿ ಬಂದದ್ದು 47 ಮತ್ತು 7. ಒಂದೇ ಜೋಡಿ, ಒಂದು ಸಲ ಮುಳುಗಿತು, ಒಂದು ಸಲ ತೇಲಿತು. ಇದನ್ನು ವಿವರಿಸುವ ಸೂತ್ರ ಯಾರ ಹತ್ತಿರವಾದರೂ ಇದ್ದರೆ ನನಗಿಂತ ಮೊದಲು ಅಖಿಲೇಶರಿಗೆ ತಿಳಿಸಬಹುದು.

*

ಈಗಿನ ಮೈತ್ರಿ. 2023ರ ಮೇ ಚುನಾವಣೆಯಲ್ಲಿ ಜೆಡಿಎಸ್ 19ಕ್ಕೆ ಇಳಿಯಿತು, ಸೆಪ್ಟೆಂಬರ್ 22ಕ್ಕೆ ದೆಹಲಿಯಲ್ಲಿ ಎನ್‌ಡಿಎ ಸೇರಿತು. ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅಧ್ಯಕ್ಷ ಸ್ಥಾನ ಕಳೆದುಕೊಂಡರು. ಅತ್ತ ಕೇರಳದಲ್ಲಿ ಅದೇ ಪಕ್ಷದ ಕೆ. ಕೃಷ್ಣನ್‌ಕುಟ್ಟಿ ಪಿಣರಾಯಿ ಸಂಪುಟದಲ್ಲಿ ಆಗ ವಿದ್ಯುತ್ ಸಚಿವರಾಗಿದ್ದರು. ಬೆಂಗಳೂರಿನಲ್ಲಿ ಮೋದಿ ಜೊತೆ, ತಿರುವನಂತಪುರದಲ್ಲಿ ಮಾರ್ಕ್ಸ್‌ವಾದಿಗಳ ಜೊತೆ. ಅಲ್ಲಿನ ಘಟಕ ತಾನು ಎನ್‌ಡಿಎ ಜೊತೆ ಇಲ್ಲ ಅಂದಿತು, ಸಚಿವರು ಸಚಿವರಾಗಿಯೇ ಉಳಿದರು. ಕೇರಳದ ಗಡಿ ದಾಟಿದರೆ ಪಕ್ಷದ ಬಣ್ಣ ಬದಲಾಗುವ ಆ ಏರ್ಪಾಟು ಕಾನೂನಿಗೆ ವಿರುದ್ಧವಾಗಿರಲಿಲ್ಲ.

2024ರ ಲೋಕಸಭೆಗೆ ಬೆಂಗಳೂರು ಗ್ರಾಮಾಂತರದಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ನಿಂತದ್ದು ಮಾವನ ಪಕ್ಷದಿಂದಲ್ಲ, ಕಮಲದ ಚಿಹ್ನೆಯಲ್ಲಿ. ಎರಡು ಲಕ್ಷ 69 ಸಾವಿರದ ಅಂತರದಲ್ಲಿ ಡಿ.ಕೆ. ಸುರೇಶ್ ಅವರನ್ನು ಸೋಲಿಸಿದರು. ಉಡುಪಿಯ ಪ್ರಯೋಗದ ತಿರುಗುಮುರುಗು ಇದು, ಮತ್ತು ಕೆಲಸ ಮಾಡಿತು. ಸುಮಲತಾ ಹಾಲಿ ಸಂಸದೆಯಾಗಿದ್ದೂ ಕ್ಷೇತ್ರ ಬಿಟ್ಟುಕೊಟ್ಟು ಬಿಜೆಪಿ ಸೇರಿದರು. ಐದು ವರ್ಷದ ಹಿಂದೆ ಯಾರ ಮಗನನ್ನು ಸೋಲಿಸಿದ್ದರೋ ಅವರಿಗೇ ಬೆಂಬಲ ಕೊಟ್ಟರು. ಮೈತ್ರಿಗೆ ರಾಜ್ಯದಲ್ಲಿ 19 ಬಂದವು, ಬಿಜೆಪಿಗೆ 17, ಜೆಡಿಎಸ್‌ಗೆ 2. ಲೋಕಸಭೆಗೆ ಇದು ಗಟ್ಟಿ ಮೈತ್ರಿ.

ಆದರೆ ಬಿರುಕು ಎಲ್ಲಿ ಕಂಡಿತು ನೋಡಿ. ಅದೇ ವರ್ಷ ಆಗಸ್ಟಿನಲ್ಲಿ ಬಿಜೆಪಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಹಗರಣದ ಬಗ್ಗೆ ಮೈಸೂರಿಗೆ ಪಾದಯಾತ್ರೆ ಅಂದಾಗ ಕುಮಾರಸ್ವಾಮಿ ಮೊದಲು ಬರುವುದಿಲ್ಲ ಅಂದರು. ಕಾರಣ ದೆಹಲಿಯಲ್ಲಿರಲಿಲ್ಲ, ಹಾಸನದಲ್ಲಿತ್ತು: ಅಲ್ಲಿನ ಬಿಜೆಪಿಯ ಪ್ರೀತಂ ಗೌಡರ ಮೇಲಿನ ಸಿಟ್ಟು. ಆಮೇಲೆ ಸರಿಹೋಯಿತು. ನವೆಂಬರಿನಲ್ಲಿ ಚನ್ನಪಟ್ಟಣ ಉಪಚುನಾವಣೆ. ಅಲ್ಲಿ ವರ್ಷಗಳಿಂದ ಜೆಡಿಎಸ್ ಎದುರು ಹೋರಾಡಿದ ಬಿಜೆಪಿಯ ಸಿ.ಪಿ. ಯೋಗೇಶ್ವರ್‌ಗೆ ಟಿಕೆಟ್ ಇಲ್ಲ, ಕ್ಷೇತ್ರ ಜೆಡಿಎಸ್‌ದು. ಅವರು ಕಾಂಗ್ರೆಸ್ಸಿಗೆ ಹೋಗಿ ನಿಖಿಲ್ ಕುಮಾರಸ್ವಾಮಿಯವರನ್ನು 25 ಸಾವಿರ ಮತಗಳಿಂದ ಸೋಲಿಸಿದರು. ಚನ್ನಪಟ್ಟಣದಲ್ಲಿ ಜೆಡಿಎಸ್, ಬಿಜೆಪಿ ಮೊದಲನೆಯ ಮತ್ತು ಎರಡನೆಯ ಪಕ್ಷಗಳಾಗಿದ್ದವು. ನನ್ನ ಹಾಜರಿ ಪುಸ್ತಕದ ಲೆಕ್ಕ ಅಲ್ಲಿ ಅಕ್ಷರಶಃ ಕೂಡಿತು.

*

ಹಾಗಾಗಿ ಒಂದು ವಿಷಯವನ್ನು ಓದುಗರೂ ಗಮನಿಸಬೇಕು. 2018ರಲ್ಲಿ ಸರ್ಕಾರದಲ್ಲಿ ಜೊತೆಗಿದ್ದ ಕಾಂಗ್ರೆಸ್, ಜೆಡಿಎಸ್ ಆಗಸ್ಟ್ 31ರ ನಗರಸಭೆ, ಪುರಸಭೆ ಚುನಾವಣೆಗೆ ಬೇರೆ ಬೇರೆ ನಿಂತಿದ್ದವು. ಅದಕ್ಕೆ ಸೌಹಾರ್ದ ಸ್ಪರ್ಧೆ ಅಂತ ಹೆಸರು. ವಾರ್ಡಿನಲ್ಲಿ ನಿಲ್ಲುವವನು ಕಾರ್ಯಕರ್ತನೇ. ಅವನಿಗೆ ಬಿಟ್ಟುಕೊಡು ಅಂತ ಹೇಳುವ ಧೈರ್ಯ ಯಾವ ನಾಯಕನಿಗೂ ಇಲ್ಲ. ಬೆಂಗಳೂರು ಪಾಲಿಕೆಯಲ್ಲಿ ತಿರುಗುಮುರುಗು: 2015ರಲ್ಲಿ 198 ವಾರ್ಡುಗಳಲ್ಲಿ ಬಿಜೆಪಿಗೆ 100 ಬಂದರೂ, 76 ಗೆದ್ದ ಕಾಂಗ್ರೆಸ್ 14 ಗೆದ್ದ ಜೆಡಿಎಸ್ ಜೊತೆ ಸೇರಿ, ಪಕ್ಷೇತರರನ್ನೂ ಶಾಸಕ, ಸಂಸದರ ಮತಗಳನ್ನೂ ಕೂಡಿಸಿ ಮೇಯರ್ ಗಾದಿ ಹಿಡಿಯಿತು. ವಿಧಾನಸಭೆಯಲ್ಲಿ ಆಗ ಇಬ್ಬರೂ ಎದುರುಬದುರು. ಮೇಯರ್ ಅವಧಿ ಆಗ ಒಂದು ವರ್ಷವಿತ್ತು, ಮೈತ್ರಿಯನ್ನೂ ವರ್ಷಕ್ಕೊಮ್ಮೆ ಹೊಸದಾಗಿ ಮಾತಾಡಿಕೊಳ್ಳುತ್ತಿದ್ದರು. ಎಷ್ಟು ದಿನಕ್ಕೆ ಅಂತ ಮೊದಲೇ ಗೊತ್ತಿದ್ದದ್ದರಿಂದಲೋ ಏನೋ, ನಾನು ನೋಡಿದ ಮೈತ್ರಿಗಳಲ್ಲಿ ಕಡಿಮೆ ಕಣ್ಣೀರಿನದು ಅದೇ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯದು ನಡೆಯುತ್ತದೆ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಬಿಜೆಪಿಯೂ ಕಾಂಗ್ರೆಸ್ಸೂ ಸರದಿಯಂತೆ ಅಧಿಕಾರ, ವಿರೋಧ ಎರಡರಲ್ಲೂ ಕೂತೆದ್ದವು, ಆ ಚುನಾವಣೆ ಮಾತ್ರ ಮುಂದೆ ಮುಂದೆ ಹೋಯಿತು. ಮುಂದಿನ ಸಲ ಎರಡು ಬಾವುಟ ಕಟ್ಟಿದ ಜೀಪು ನಿಮ್ಮ ಬೀದಿಗೆ ಬಂದು ಮತ ಕೇಳಿದರೆ, ಪ್ರಣಾಳಿಕೆ ಇಸಿದುಕೊಳ್ಳುವ ಮೊದಲು ಒಂದೇ ಮಾತು ಕೇಳಿ: ತಾಲ್ಲೂಕು ಪಂಚಾಯಿತಿಗೂ ನೀವಿಬ್ಬರೂ ಒಬ್ಬನೇ ಅಭ್ಯರ್ಥಿಯನ್ನು ಹಾಕುತ್ತೀರಾ?